ಸಾವ್ಕಾರರ ಮೀಸೆ ಮತ್ತು ನನ್ನ ಖಾಯಂ ನೌಕರಿ

ಕಿವಿ ಕೇಳದವರ ಬದುಕು ಪಾಪ, ಬಹಳ ನಿಶ್ಶಬ್ದ ಎಂದು ಕಿವಿ ಇದ್ದವರು ಮರುಗುತ್ತಾರೆ. ನಿಶ್ಶಬ್ದ ಎಲ್ಲಿಂದ ಬಂತು? ನಾನು ಕೆಲಸಕ್ಕೆ ಹೋದಲ್ಲೆಲ್ಲ ಗದ್ದಲವೇ. ನಾನು ಮಾಡುವುದಿಲ್ಲ, ನನ್ನ ಸಲುವಾಗಿ ಉಳಿದವರು ಮಾಡುತ್ತಾರೆ. ಇಳಕಲ್ಲಿನ ಸೀರೆ ಅಂಗಡಿಗೆ ಸೇರಿದ ಮೇಲಂತೂ ನಗದೆ ಕಳೆದ ವಾರವಿಲ್ಲ. ಅಳು ಬಂದ ವಾರಗಳಲ್ಲೂ ನಡುವೆ ಒಮ್ಮೆ ನಕ್ಕಿದ್ದೇನೆ.

ನನ್ನ ಊರು ಹುನಗುಂದ. ಮೂರನೇ ಇಯತ್ತೆಯಲ್ಲಿ ಜ್ವರ ಬಂತು, ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಕಲಿತಿದ್ದೆ, ಹಾಗಾಗಿ ಮಾತಾಡುತ್ತೇನೆ. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಎಂಬುದನ್ನು ಮಾತ್ರ ಎದುರಿನವರ ಮುಖ ನೋಡಿ ತಿಳಿದುಕೊಳ್ಳಬೇಕು. ಎಡಗಿವಿಗೆ ಮಷಿನ್ ಇದೆ. ಅದು ಲಾರಿಯ ಹಾರ್ನು, ಪಾತ್ರೆ ಬಿದ್ದ ಸಪ್ಪಳ ಕೊಡುತ್ತದೆ, ಮಾತು ಕೊಡುವುದಿಲ್ಲ. ಮಾತನ್ನು ನಾನು ತುಟಿ ನೋಡಿ ತಿಳಿಯುತ್ತೇನೆ. ಗುಟ್ಕಾ ಹಾಕಿದವರು, ಮಾಸ್ಕ್ ಹಾಕಿದವರು, ಮೀಸೆ ಬಿಟ್ಟವರು ನನ್ನ ಪಾಲಿಗೆ ಮುಚ್ಚಿದ ಅಂಗಡಿ.

ನನಗೆ ನೌಕರಿ ಕೊಟ್ಟ ಸಾವ್ಕಾರರದು ಇಡೀ ಇಳಕಲ್ಲಿಗೇ ದೊಡ್ಡ ಮೀಸೆ.

ಇಂಟರ್‌ವ್ಯೂ

ಸಾವ್ಕಾರರು ಗಾದಿಯ ಮೇಲೆ ಕೂತಿದ್ದರು. ತಲೆಯ ಮೇಲೆ ಗೋಡೆಯಲ್ಲಿ ಅವರ ತಂದೆಯ ಫೋಟೊ. ಇಬ್ಬರಿಗೂ ಒಂದೇ ಮೀಸೆ. ಮೇಲಿನ ತುಟಿ ದಾಟಿ, ಕೆಳಗಿನ ತುಟಿಯನ್ನೂ ಮುಚ್ಚಿ, ಎರಡೂ ಕಡೆ ತಿರುವಿಕೊಂಡು ನಿಂತದ್ದು. ಅವರು ಮಾತಾಡಿದಾಗ ನನಗೆ ಕಂಡದ್ದು ಮೀಸೆಯ ಅಲುಗಾಟ ಮಾತ್ರ.

ನಾನು ಹೆದರಲಿಲ್ಲ. ಅಷ್ಟರಲ್ಲಿ ಸಾಕಷ್ಟು ಇಂಟರ್‌ವ್ಯೂ ಕಂಡಿದ್ದೆ. ನಮ್ಮ ಕಡೆ ಪ್ರಶ್ನೆಗಳಿಗೆ ಒಂದು ಸಾಲು ಇದೆ. ಮೊದಲು ಊರು, ಆಮೇಲೆ ಓದು, ಆಮೇಲೆ ಲಗ್ನ, ಕೊನೆಗೆ ಕಿವಿ. ಮೀಸೆ ಒಮ್ಮೆ ಅಲುಗಿ ನಿಂತರೆ ಒಂದು ಉತ್ತರ ಕೊಟ್ಟರಾಯಿತು ಎಂದುಕೊಂಡೆ. ಆದರೆ ಸಾವ್ಕಾರರು ಒಳ್ಳೆಯ ಮನುಷ್ಯರು, ಮೊದಲು ಚಹಾ ಕೇಳಿದರು. ಅಲ್ಲಿಂದ ನನ್ನ ಗಾಡಿ ಒಂದು ಸ್ಟೇಶನ್ ಮುಂದೆಯೇ ಓಡಿತು.

"ಚಾ ಕುಡೀತೀಯೇನವಾ?"

"ಹುನಗುಂದ್ರಿ."

"ಯಾವೂರು ನಿಂದು?"

"ಬಿ.ಎ. ಆಗೇತ್ರಿ."

"ಎಷ್ಟ ಕಲ್ತೀದಿ?"

"ಇನ್ನೂ ಇಲ್ರಿ. ಮನ್ಯಾಗ ನೋಡಾಕತ್ತಾರ."

"ಲಗ್ನ ಆಗೇತೇನು?"

"ಮಷಿನ್ ಹಾಕ್ಕೊಂಡ್ರ ಸ್ವಲ್ಪ ಸ್ವಲ್ಪ ಆಗತೈತ್ರಿ."

ಇದೆಲ್ಲ ನನಗೆ ಆಮೇಲೆ ಹೇಳಿದವರು ಅಂಗಡಿಯ ಹಳೆಯ ಸೇಲ್ಸ್‌ಮನ್ ಚಾಚಾ. ಅವರ ಗಡ್ಡ ಎದೆಯವರೆಗೆ, ಮೀಸೆ ಮಾತ್ರ ನುಣ್ಣಗೆ ಬೋಳಿಸಿದ್ದು. ಎರಡೂ ತುಟಿ ಎದ್ದು ಕಾಣುತ್ತಿದ್ದವು. ನನ್ನಂಥವಳ ಸಲುವಾಗಿಯೇ ದೇವರು ಮಾಡಿದ ಮುಖ. ಸಾವ್ಕಾರರು ಹೇಳಿದ್ದನ್ನು ಅವರು ನನ್ನ ಎದುರು ನಿಂತು ಮತ್ತೊಮ್ಮೆ ಹೇಳಿದರು: "ಆರ ತಿಂಗಳ ನೋಡ್ತಾರಂತ ಬೇಟಿ. ಕೆಲಸ ಹೊಂದಿದ್ರ ಖಾಯಂ."

ಮನೆಯಲ್ಲಿ ಅವ್ವನ ಹೊಲಿಗೆ ಒಂದೇ ಆಧಾರ. ಬಿ.ಎ. ಮುಗಿದ ಮೇಲೆ ಎಷ್ಟೋ ಕಡೆ "ನೋಡೂಣು" ಎಂದು ಇಟ್ಟುಕೊಂಡು, "ನೋಡಿದ್ವಿ" ಎಂದು ಕಳಿಸಿದ್ದರು. "ಖಾಯಂ" ಎಂದು ಒಬ್ಬರಾದರೂ ನನ್ನ ಮುಖ ನೋಡಿ ಅನ್ನಲಿ ಎಂಬ ಆಸೆ ಅನ್ನದ ಆಸೆಗಿಂತ ದೊಡ್ಡದಾಗಿತ್ತು. ಕೈಮುಗಿದು ಹೊರಬಂದೆ.

ನಾನು ಮೆಟ್ಟಿಲು ಇಳಿಯುತ್ತಿದ್ದಾಗ ಸಾವ್ಕಾರರು ಚಾಚಾನನ್ನು ಬಹಳ ಗಂಭೀರವಾಗಿ ಕೇಳಿದರಂತೆ: "ಮಷಿನ್ ಹಾಕ್ಕೊಂಡ್ರ ಅಷ್ಟ ಆಗೋ ಲಗ್ನ ಎಂಥಾದ್ದೋ ಮಾರಾಯಾ?"

ಮೈಕು

ಸಾವ್ಕಾರರಿಗೆ ನನ್ನ ಮೇಲೆ ಕರುಣೆ ಇತ್ತು. ಕರುಣೆ ಎಂದರೆ ಜೋರಾಗಿ ಮಾತಾಡುವುದು ಎಂದು ಅವರು ತಿಳಿದಿದ್ದರು. ಮೊದಲು ಕೂಗಿ ನೋಡಿದರು. ನಾನು ಸುಮ್ಮನೆ ಮುಗುಳ್ನಕ್ಕೆ. ಮರುದಿನ ಕಾಯಿಪಲ್ಲೆ ಗಾಡಿಯವರು ಹಿಡಿಯುವಂಥ ಮೈಕೊಂದನ್ನು ತಂದರು.

"ಈಕಿ ಸಲುವಾಗೇ ತಂದೇನಿ. ಖರ್ಚ ಹೋದ್ರ ಹೋಗ್ಲಿ" ಎಂದರಂತೆ.

ಮೊದಲೇ ಮೀಸೆ, ಅದರ ಮುಂದೆ ಈಗ ಮೈಕು. ಇದ್ದಷ್ಟು ಮುಖವೂ ಹೋಯಿತು. ಸಾವ್ಕಾರರು ಗುಂಡಿ ಒತ್ತಿ, "ಹಸರ ಒಡಲು, ಕೆಂಪ ದಡಿ, ತಗೊಂಡ ಬಾ!" ಎಂದರು. ನನ್ನ ಎದೆ ಗಡಗಡ ನಡುಗಿತು. ಕಪಾಟಿನ ಗಾಜೂ ನಡುಗಿದ್ದು ಕಾಣಿಸಿತು. ಯಾವ ಸೀರೆ ಎಂದು ಮಾತ್ರ ತಿಳಿಯಲಿಲ್ಲ.

ಆದರೆ ಬಜಾರಿಗೆಲ್ಲ ತಿಳಿಯಿತು. ಎದುರಿನ ಅಂಗಡಿಯವರು ತಮ್ಮಲ್ಲಿದ್ದ ಕೆಂಪು ದಡಿಯ ಹಸಿರು ಸೀರೆ ಹಿಡಿದು ಓಡಿ ಬಂದರು. ಬಸ್‌ಸ್ಟ್ಯಾಂಡಿಗೆ ಹೊರಟಿದ್ದ ಹೆಂಗಸರು ರಿಯಾಯಿತಿ ಮಾರಾಟ ಶುರುವಾಯಿತೆಂದು ಒಳಗೆ ನುಗ್ಗಿದರು. ಸಂಜೆಯ ಹೊತ್ತಿಗೆ ಇಳಕಲ್ಲಿನಲ್ಲಿ ಆ ಸೀರೆ ಯಾರಿಗೆ ಬೇಕಾಗಿತ್ತು ಎಂದು ಗೊತ್ತಿಲ್ಲದವಳು ನಾನೊಬ್ಬಳೇ.

ಕೆಂಪು ದೀಪ

ನಾನೇ ಬಾಯಿಬಿಟ್ಟು ಕೇಳಿದೆ. "ಸಾವ್ಕಾರ್ರ, ಕೂಗೋದು ಬ್ಯಾಡ್ರಿ. ಕಪಾಟಿನ ಕಡೆ ಮುಖ ಮಾಡಿ ನಿಂತಾಗ ಹಿಂದ ಯಾರ ಕರದ್ರೂ ನನಗ ಗೊತ್ತಾಗೂದಿಲ್ಲ. ನನ್ನ ಮುಂದ ಒಂದ ದೀಪ ಹಚ್ಚಸ್ರಿ, ಗುಂಡಿ ನಿಮ್ಮ ಗಾದಿ ಹತ್ರ ಇರ್ಲಿ. ಹತ್ತಿದ್ರ ತಿರುಗಿ ನೋಡ್ತೇನಿ."

ಸಾವ್ಕಾರರಿಗೆ ಬಹಳ ಹಿಡಿಸಿತು. ಅಂದೇ ಮಂದಿ ಕರೆಸಿ ಹಚ್ಚಿಸಿದರು. ಅಂಗಡಿಯಲ್ಲಿ ಇದ್ದದ್ದು ಕೆಂಪು ಬಲ್ಬು, ಅದನ್ನೇ ಹಾಕಿದರು. ಗುಂಡಿಯನ್ನು ಗಾದಿಯ ಅಂಚಿಗೆ, ತಾವು ಮೊಣಕೈ ಊರುವ ಜಾಗದಲ್ಲೇ ಕೂರಿಸಿದರು.

ಎರಡು ದಿನ ವ್ಯಾಪಾರ ಕಡಿಮೆಯಾಯಿತು. ಬಂದವರು ಮೆಟ್ಟಿಲ ಮೇಲೆಯೇ ಸಾಲಾಗಿ ಕೂತು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ಒಳಗೆ ಯಾಕೆ ಬರುವುದಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಸಾವ್ಕಾರರು ಅದೇ ಚಿಂತೆಯಲ್ಲಿ ಗುಂಡಿಯ ಮೇಲೆ ಇನ್ನಷ್ಟು ಭಾರ ಹಾಕಿ ಕೂತರು. ದೀಪ ಆರಲಿಲ್ಲ, ನಾನು ನಿಮಿಷಕ್ಕೊಮ್ಮೆ ತಿರುಗಿ ನೋಡಿ ಕುತ್ತಿಗೆ ನೋಯಿಸಿಕೊಂಡೆ.

ಕೊನೆಗೆ ಒಬ್ಬ ಅಜ್ಜಿ ಎದ್ದು ಬಂದು ಚಾಚಾನನ್ನು ಕೇಳಿದಳು: "ಯಪ್ಪಾ, ಭಾಳೊತ್ತಾತು, ಕೆಂಪ ದೀಪ ಆರವಲ್ತು. ಒಳಗಿನ ಪೇಶಂಟ್ ಯಾವಾಗ ಹೊರಗ ಬರ್ತಾರ?"

ಮರುದಿನ ಹಸಿರು ಬಲ್ಬು ಬಂತು. ಗುಂಡಿ ಗೋಡೆಗೆ ಹೋಯಿತು. ಆ ಹಸಿರು ದೀಪ ಇಂದಿಗೂ ಇದೆ, ಅದರಷ್ಟು ಉಪಕಾರವನ್ನು ನನಗೆ ಯಾವ ನೆಂಟರೂ ಮಾಡಿಲ್ಲ.

ಬೀಗತಿಯ ಸೀರೆ

ಬಾಗಲಕೋಟೆಯ ನವನಗರದಿಂದ ಲಗ್ನದ ಸೀರೆ ಕೊಳ್ಳಲು ಒಂದು ಮನೆಯವರು ಬಂದಿದ್ದರು. ತಾಯಿ, ಮಗಳು, ಜೊತೆಗೆ ವರನ ತಾಯಿ, ಅಂದರೆ ಬೀಗತಿ. ಬೀಗತಿ ದೊಡ್ಡ ಕನ್ನಡಿಯ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ತಾಯಿ, ಮಗಳು ಅಂಗಡಿಯ ಇನ್ನೊಂದು ಮೂಲೆಗೆ ಹೋದರು.

ಮಗಳು ನನ್ನತ್ತ ಕಣ್ಣು ಮಾಡಿದಳು. ತಾಯಿ, "ಆಕಿಗೆ ಕಿವಿ ಕೇಳೂದಿಲ್ಲ, ನೀ ಮಾತಾಡು" ಎಂದಳು. ಅದನ್ನು ನಾನು ಅಲ್ಲಿಂದಲೇ ಓದಿದೆ. ಹೆಂಗಸರ ತುಟಿ ಹನ್ನೆರಡು ಮೊಳ ದೂರದಲ್ಲಿದ್ದರೂ ನನಗೆ ಅಚ್ಚು ಹಾಕಿದ ಪುಸ್ತಕ.

"ಬೀಗತಿಗೆ ಸಾದಾದ್ದ ತಗೊಳೂಣು. ರೇಶ್ಮಿ ಉಡಿಸಿದ್ರ ಆಕಿ ನಾಳೆ ನಮ್ಮ ತಲಿ ಮ್ಯಾಲೆ ಕುಂಡ್ರತಾಳ."

ಗಿರಾಕಿ ಕೇಳುವ ಮೊದಲೇ ಸೀರೆ ಮುಂದಿಡುವವಳೇ ಒಳ್ಳೆಯ ಸೇಲ್ಸ್‌ಗರ್ಲ್ ಎಂದು ಚಾಚಾ ಕಲಿಸಿದ್ದರು. ಖಾಯಂ ಆಗುವ ಹುರುಪು ಬೇರೆ. ಓಡಿ ಹೋಗಿ ಸಾದಾ ನೂಲಿನ ನಾಲ್ಕು ಸೀರೆ ತಂದು ಬೀಗತಿಯ ಮುಂದೆಯೇ ಹರವಿದೆ. ಹತ್ತಿರ ಬಂದ ತಾಯಿಗೆ ಮೆಲ್ಲಗೆ, ಬಹಳ ಮೆಲ್ಲಗೆ ಎಂದು ನಾನು ತಿಳಿದ ಧ್ವನಿಯಲ್ಲಿ ಹೇಳಿದೆ: "ಅಕ್ಕಾರ, ನೀವ್ ಅಂದ್ರಲ್ಲರಿ, ಬೀಗತಿ ತಲಿ ಮ್ಯಾಲೆ ಕುಂಡ್ರಬಾರದಂತ? ಅಂಥಾ ಸೀರಿ ಇವ ನೋಡ್ರಿ!"

ಬೀಗತಿಯ ಚಹಾದ ಕಪ್ಪು ನಡುದಾರಿಯಲ್ಲಿ ನಿಂತಿತು. ಚಾಚಾ ಎರಡೂ ಕೈಯಲ್ಲಿ ಗಡ್ಡ ಹಿಡಿದುಕೊಂಡರು. ತಾಯಿಯ ಮುಖ ನಮ್ಮ ಅಂಗಡಿಯ ಎಲ್ಲ ಬಣ್ಣಗಳನ್ನೂ ದಾಟಿ ಬಂತು.

ಮಾನ ಉಳಿಸಿಕೊಳ್ಳಲು ಅವರು ಅಪ್ಪಟ ರೇಷ್ಮೆಯ ಸೆರಗಿನ, ಕೈಮಗ್ಗದ, ಅಂಗಡಿಯಲ್ಲೇ ಭಾರಿ ಸೀರೆಯನ್ನು ಬೀಗತಿಗೆ ಕೊಳ್ಳಬೇಕಾಯಿತು. ಬೀಗತಿ ಹೋಗುವಾಗ ನನ್ನ ತಲೆ ಸವರಿ, "ಇಂಥಾ ಹುಡುಗಿ ಎಲ್ಲಾ ಅಂಗಡ್ಯಾಗೂ ಇರಬೇಕ್ರಿ" ಎಂದು ಹರಸಿದಳು.

ಮೀಸೆ ತಿರುವಿದ್ದು

ಅಂಗಡಿಯ ಹಿಂದಿನ ಓಣಿಯಲ್ಲಿ ಸಾವ್ಕಾರರ ಪವರ್‌ಲೂಮಿನ ಶೆಡ್ಡು. ಅಲ್ಲಿ ಮಗ್ಗಗಳು ಒಮ್ಮೆ ಶುರುವಾದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಂತೆ. ನೇಕಾರರು ಹಣೆ ಮುಟ್ಟಿದರೆ ಕೆಂಪು, ತಲೆಗೂದಲು ಮುಟ್ಟಿದರೆ ಕಪ್ಪು, ಹೊಟ್ಟೆ ಮುಟ್ಟಿದರೆ ಊಟ. ನನಗೆ ತವರಿಗೆ ಹೋದಂತಾಗುತ್ತಿತ್ತು. ಶೆಡ್ಡಿಗೆ ಏನು ಹೇಳಿ ಕಳಿಸುವುದಿದ್ದರೂ ನನ್ನನ್ನೇ ಕಳಿಸುತ್ತಿದ್ದರು.

ಸಾವ್ಕಾರರಿಗೆ ಅಲ್ಲಿ ಇದ್ದ ಗುರುತು ಎಂದರೆ, ಇಲ್ಲದ ಮೀಸೆಯನ್ನು ಎರಡು ಬೆರಳಿನಿಂದ ತಿರುವುವುದು. ನಾನು ಅದನ್ನು ಚಾಚಾನಿಗೂ ಕಲಿಸಿದೆ.

ಒಂದು ದಿನ ಸಾವ್ಕಾರರು ತಾವೇ ಶೆಡ್ಡಿಗೆ ಬಂದರು. ಬಾಗಿಲ ಬಳಿಯ ನೇಕಾರ ನನ್ನತ್ತ ತಿರುಗಿ ಮೀಸೆ ತಿರುವಿದ. ನಾನು ಮೂಲೆಯವನಿಗೆ ತಿರುವಿ ತೋರಿಸಿದೆ. ಅವನು ಮುಂದಿನವನಿಗೆ. ಸಾವ್ಕಾರರು ತಲೆ ಎತ್ತಿ ನೋಡಿದರೆ ಇಡೀ ಶೆಡ್ಡು ಅವರ ಮುಂದೆ ಮೀಸೆ ತಿರುವುತ್ತಿದೆ, ನಾನೂ ಸೇರಿ.

ನಮ್ಮ ಕಡೆ ಇನ್ನೊಬ್ಬರ ಮುಂದೆ ಮೀಸೆ ತಿರುವಿದರೆ "ಬಾ, ನೋಡೇ ಬಿಡೂಣು" ಎಂದರ್ಥ. ಸಾವ್ಕಾರರು ಅಂಗಿಯ ತೋಳು ಮಡಿಚಿದರು. ಮಗ್ಗ ನಿಲ್ಲಿಸಿದರು. ಚಾಚಾ ಓಡಿ ಬಂದು, "ಸಾವ್ಕಾರ್ರ, ಅದು ನಿಮ್ಮ ಹೆಸರ್ರಿ" ಎಂದು ಬಿಡಿಸಿ ಹೇಳುವವರೆಗೆ ನಮ್ಮ ನೌಕರಿಗಳೆಲ್ಲ ಗಾಳಿಯಲ್ಲಿದ್ದವು.

ಸಾವ್ಕಾರರು ಮಡಿಚಿದ ತೋಳು ಇಳಿಸಿ, "ಹೆಸರ ಆದ್ರ ಹಂಗ ಒಂದ ಕಡೆ ಯಾಕ ತಿರುವೀರಿ? ನನ್ನ ಮೀಸಿ ಎರಡೂ ಕಡೆ ಐತಿ" ಎಂದರು.

ಚಾಚಾ ಬಾದಾಮಿಗೆ ಹೋದದ್ದು

ಆರು ತಿಂಗಳು ಮುಗಿಯುತ್ತ ಬಂದಿತ್ತು. ಆಗಲೇ ಚಾಚಾನ ಮಗಳ ಹೆರಿಗೆ ಬಂತು. ಅವರು ಬಾದಾಮಿಗೆ ಹೋಗಬೇಕಾಯಿತು. ಸಾವ್ಕಾರರ ಮಾತು ನನಗೆ ದಾಟಿಸಲು ಇದ್ದ ಸೇತುವೆ ಅವರೊಬ್ಬರೇ.

"ಚಿಂತಿ ಬ್ಯಾಡ" ಎಂದರು ಚಾಚಾ. "ಸಾವ್ಕಾರ್ರು ವಿಡಿಯೋ ಕಾಲ್ ಹಚ್ಲಿ. ಅವರ ಅಂದಿದ್ದ ಕೇಳಿ ನಾ ಅಲ್ಲಿಂದ ಅಂತೇನಿ, ನೀ ನನ್ನ ತುಟಿ ನೋಡು."

ಮೊದಲೆರಡು ದಿನ ನಡೆಯಿತು. ಸಾವ್ಕಾರರು ಫೋನನ್ನು ತಮ್ಮ ಮುಖದ ಮುಂದೆ ಹಿಡಿಯುತ್ತಿದ್ದರು. ಸಾವ್ಕಾರರ ಮೈಗೆ ಚಾಚಾನ ಮುಖ ಬಂದಂತೆ ಕಾಣುತ್ತಿತ್ತು. ಆಮೇಲೆ ಬಾದಾಮಿಯ ನೆಟ್‌ವರ್ಕ್ ಕೈಕೊಟ್ಟಿತು. ಚಾಚಾ ಬಾಯಿ ತೆರೆದವರು ತೆರೆದಂತೆಯೇ ನಿಲ್ಲುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಗಿರಾಕಿಗಳು ತುಂಬಿದ್ದರು. ಶಿರೂರಿನವರು ಲಗ್ನಕ್ಕೆಂದು ಆರಿಸಿ ಕಟ್ಟಿಸಿಟ್ಟ ಒಂದು ಗಂಟು ನನ್ನ ಪಕ್ಕದಲ್ಲಿತ್ತು. ಹಸಿರು ದೀಪ ಹತ್ತಿತು, ತಿರುಗಿದೆ. ಸಾವ್ಕಾರರ ಒಂದು ಕೈಯಲ್ಲಿ ಫೋನು, ಫೋನಿನಲ್ಲಿ ಬಾಯಿ ತೆರೆದು ನಿಂತ ಚಾಚಾ. ಇನ್ನೊಂದು ಕೈ ಗಂಟಿನ ಕಡೆ ಚಾಚಿತ್ತು. "ಬ್ಯಾಡ" ಎಂದು ಆಡಿಸಲು ಅವರಿಗೆ ಮೂರನೇ ಕೈ ಇರಲಿಲ್ಲ. ಗಂಟು ಬಿಚ್ಚಿ ತೋರಿಸು ಎನ್ನುತ್ತಿದ್ದಾರೆ ಎಂದುಕೊಂಡು ಬಿಚ್ಚಿದೆ. ಎದುರಿಗಿದ್ದ ಹೆಂಗಸರಿಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು. ಅವರು ಸೀರೆ ಹೆಗಲಿಗೆ ಹಾಕಿಕೊಳ್ಳುವುದಕ್ಕೂ ಶಿರೂರಿನವರು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ಸೆರಗು ಒಬ್ಬರ ಕೈಯಲ್ಲಿ, ಒಡಲು ಇನ್ನೊಬ್ಬರ ಕೈಯಲ್ಲಿ. ಸಾವ್ಕಾರರು ನಡುವೆ ಸಿಕ್ಕು ಸುತ್ತಿಕೊಂಡರು. ಇಷ್ಟರಲ್ಲಿ ನೆಟ್‌ವರ್ಕ್ ಬಂತು. ಕೆಳಗೆ ಬಿದ್ದ ಫೋನಿನಲ್ಲಿ ಚಾಚಾ ಎದ್ದು ಕಂಡು, ಸೀರೆ ಸುತ್ತಿಕೊಂಡ ಸಾವ್ಕಾರರನ್ನು ನೋಡಿ ಅಂದದ್ದನ್ನು ನಾನು ಸ್ಪಷ್ಟವಾಗಿ ಓದಿದೆ: "ಯಾ ಅಲ್ಲಾ, ಒಂದ ನಿಮಿಷ ನಾ ಇಲ್ಲಂದ್ರ ಹಿಂಗೇನು?"

ಖಾಯಂ

ಅಂದು ಸಂಜೆ ನಗು ಬರಲಿಲ್ಲ. ಸಾವ್ಕಾರರ ಮನೆ ಅಂಗಡಿಯ ಮೇಲೆಯೇ. ಅವರ ಹೆಂಡತಿ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು. ನಾನು ಅವರನ್ನು ಅಕ್ಕಾರು ಎನ್ನುತ್ತೇನೆ.

"ಹುಡುಗಿ ಛಲೋ ಐತಿ, ಆದ್ರ ನನ್ನ ಮಾತ ಆಕಿಗೆ ಮುಟ್ಟೂದಿಲ್ಲ, ಖಾಯಂ ಹೆಂಗ ಮಾಡ್ಲಿ ಅಂತಾರವಾ" ಎಂದರು.

ನಾನು ಅಂದೆ: "ಅಕ್ಕಾರ, ನಿಮ್ಮ ಮಾತ ಮುಟ್ಟತೈತಿ. ಚಾಚಾನ ಮಾತ ಮುಟ್ಟತೈತಿ. ಮೂಲ್ಯಾಗ ಪಿಸುಗುಟ್ಟೋ ಗಿರಾಕಿ ಮಾತೂ ಮುಟ್ಟತೈತಿ. ಸಾವ್ಕಾರ್ರ ಬಾಯಿ ಮಾತ್ರ ನಾ ಇನ್ನೂ ನೋಡೇ ಇಲ್ರಿ."

ಅಕ್ಕಾರು ನನ್ನನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. "ಲಗ್ನ ಆದಾಗಿಂದ ನಾನೂ ನೋಡಿಲ್ಲಬೇ!"

ಎದ್ದವರೇ ಗಾದಿಯ ಮುಂದೆ ಹೋಗಿ ನಿಂತರು. "ಆ ಹುಡುಗಿ ದೀಪ ಕೇಳಿದ್ಲು, ಹಚ್ಚಿಸಿದ್ರಿ. ಈಗ ಇದೊಂದ ಅಡ್ಡ ಐತಿ. ಎತ್ತಿ ಹಿಡದ ಮಾತಾಡ್ರಿ ನೋಡೂಣು." ಸಾವ್ಕಾರರು ಗೋಡೆಯ ಮೇಲಿನ ಅಪ್ಪನ ಫೋಟೊ ನೋಡಿದರು. ಹೆಂಡತಿಯನ್ನು ನೋಡಿದರು. ಎರಡು ಬೆರಳಿನಿಂದ ಮೀಸೆಯನ್ನು ಪರದೆಯಂತೆ ಮೇಲೆತ್ತಿ ಏನೋ ಗೊಣಗಿದರು.

"'ಇದೇನ ಹುಚ್ಚರ ಸಂತಿ ಹಚ್ಚೀರಿ' ಅಂದ್ರಿ!" ಎಂದು ನಾನು ಕೂಗಿಬಿಟ್ಟೆ.

ಸಾವ್ಕಾರರ ಬೆರಳು ಮೀಸೆಯಲ್ಲೇ ಉಳಿದವು. ಮರುದಿನದಿಂದ ನನ್ನ ಹತ್ತಿರ ಮಾತಾಡುವಾಗಲೆಲ್ಲ ಅದನ್ನು ಎತ್ತಿ ಹಿಡಿಯತೊಡಗಿದರು. ನೋಡಿದ ಗಿರಾಕಿಗಳು, "ಹಲ್ಲ ನೋವೇನ್ರಿ ಸಾವ್ಕಾರ್ರ? ನವನಗರದಾಗ ಛಲೋ ಡಾಕ್ಟರ್ ಅದಾರ" ಎಂದರು. ಸೀರೆ ಬಿಚ್ಚಿ ತೋರಿಸಲು ಎರಡೂ ಕೈ ಬೇಕು. ಮೀಸೆ ಹಿಡಿದರೆ ಸೀರೆ ಬೀಳುತ್ತಿತ್ತು, ಸೀರೆ ಹಿಡಿದರೆ ಮಾತು ನನ್ನ ಕೈತಪ್ಪುತ್ತಿತ್ತು.

ಚಾಚಾ ತಾತನಾಗಿ ಪೇಢೆ ಹಿಡಿದು ಬಂದ ದಿನ, ಮುಂಜಾನೆ ಸಾವ್ಕಾರರು ಅಂಗಡಿಯಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯಿಗೆ ಟವೆಲ್ ಅಡ್ಡ ಹಿಡಿದ ಒಬ್ಬರು ಮೆಟ್ಟಿಲು ಹತ್ತಿದರು. ಟವೆಲ್ ತೆಗೆದರು. ಚಾಚಾ ಗಾದಿ ಝಾಡಿಸಿ, "ಬರ್ರಿ, ಬರ್ರಿ, ಮನ್ಯಾಗಿನವ್ರಿಗೇನ್ರಿ? ಎಂಥಾದ್ದ ತೋರಿಸ್ಲಿ?" ಎಂದರು.

"ನಾನಲೇ!" ಎಂದರು ಸಾವ್ಕಾರರು.

ದಾರಿಯುದ್ದಕ್ಕೂ ಅವರಿಗೆ ಸಾಕಾಗಿತ್ತು. ಕ್ಷೌರದವನು ಕತ್ತರಿ ಕೆಳಗಿಟ್ಟು, "ಮನ್ಯಾಗ ಯಾರರ ಹೋದ್ರೇನ್ರಿ?" ಎಂದನಂತೆ. ಬಜಾರಿನವರೆಲ್ಲ, "ಯಾವ ಪಂಥಾ ಸೋತ್ರಿ? ಯಾರ ಕೂಡ ಕಟ್ಟಿದ್ರಿ?" ಎಂದು ಬೆನ್ನು ಹತ್ತಿದರಂತೆ. ಅಕ್ಕಾರು ಇಳಿದು ಬಂದು ಗಂಡನ ಮುಖವನ್ನು ಬಹಳ ಹೊತ್ತು ನೋಡಿ, "ಇಷ್ಟ ಸಣ್ಣ ಬಾಯಿಲೆ ಅಷ್ಟೆಲ್ಲಾ ಮಾತಾಡ್ತಿದ್ರೇನ್ರಿ ನೀವು?" ಎಂದರು.

ಸಾವ್ಕಾರರು ನೆಟ್ಟಗೆ ನನ್ನ ಎದುರು ಬಂದು ನಿಂತರು. ಅವರ ತುಟಿ ತೆಳ್ಳಗೆ, ಬಿಸಿಲು ಕಾಣದೆ ಬಿಳುಪಾಗಿದ್ದವು. ಅವು ನಿಧಾನವಾಗಿ ಅಲುಗಿದವು.

"ಇವತ್ತಿನಿಂದ ನೀ ಖಾಯಂ."

ನಾನು ನೋಡಿದೆ. "ಇನ್ನೊಮ್ಮೆ ಅನ್ರಿ" ಎಂದೆ.

"ನೀ ಖಾಯಂ ಅಂದ್ನಿ."

"ಇನ್ನೊಮ್ಮೆರಿ."

"ಖಾಯಂ! ಖಾಯಂ!" ಸಾವ್ಕಾರರು ತಲೆಯ ಮೇಲೆ ಕೈ ಹೊತ್ತರು. "ಅಪ್ಪನ ಕಾಲದ ಮೀಸಿ ಹೋತು, ಇನ್ನೂ ತಿಳೀಲಿಲ್ಲೇನ ನಿನಗ? ತಲಿನೂ ಬೋಳಿಸ್ಕೊಂಡ ಬರ್ಲೇನು?"

"ಬ್ಯಾಡ್ರಿ, ಬ್ಯಾಡ್ರಿ! ಮೊದಲನೇ ಸಲಕ್ಕ ತಿಳದಿತ್ರಿ. ಈ ಮಾತ ನನಗ ಯಾರೂ ಅಂದಿದ್ದಿಲ್ಲ. ಅದಕ್ಕ ಇನ್ನೊಮ್ಮೆ ನೋಡಬೇಕನಿಸ್ತು."

ಇದನ್ನು ಎಷ್ಟು ಜೋರಾಗಿ ಅಂದೆನೋ ಗೊತ್ತಿಲ್ಲ, ಎದುರಿನ ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ಸಾವ್ಕಾರರ ಕೈ ಮೀಸೆ ತಿರುವಲು ಮೇಲೆ ಹೋಯಿತು, ಅಲ್ಲಿ ಏನೂ ಸಿಗದೆ ಮೂಗು ಒರೆಸಿಕೊಂಡು ಇಳಿಯಿತು. ಆಮೇಲೆ ಯಾರೂ ಕೇಳದೆಯೇ, ಒಂದೊಂದು ಅಕ್ಷರ ಬಿಡಿಸಿ, ಇನ್ನೊಮ್ಮೆ ಅಂದರು.

ಚಾಚಾ ಎಲ್ಲರಿಗೂ ಪೇಢೆ ಹಂಚಿದರು. ನಾನು ಅಳುತ್ತಲೇ ತಿಂದೆ. ಅಕ್ಕಾರು ಮಾತ್ರ ಗಂಡನ ತಲೆಯನ್ನೇ ನೋಡುತ್ತ ನಿಂತಿದ್ದರು.

"ತಲಿ ಬೋಳಿಸೋದು ಬ್ಯಾಡ ಅಂತ ಆಕಿ ಅಂದಾಳ ನೋಡ್ರಿ" ಎಂದರು. "ನಾ ಇನ್ನೂ ಏನೂ ಅಂದಿಲ್ಲ."